ಅಟ್ಟದ ಗೇಮ್ ಸೆಟ್ಟು ಗುಜರಿಗೆ ಬೇಡ

ರಮಝಾನ್ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಅಟ್ಟ ಗುಡಿಸುವ ಕೆಲಸ ಶುರುವಾಗುತ್ತದೆ. ಹಳೆಯ ಟ್ರಂಕು, ಕಾಲು ಮುರಿದ ಕುರ್ಚಿ, ನಿಂತುಹೋದ ಮಿಕ್ಸಿ ಎಲ್ಲ ಅಂಗಳಕ್ಕೆ ಇಳಿಯುತ್ತವೆ. ಎಷ್ಟೋ ಮನೆಗಳಲ್ಲಿ ಅವುಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆಯೂ ಉಂಟು. ಅದರೊಳಗೆ ಹಳದಿಗಟ್ಟಿದ ಟಿವಿ ಗೇಮ್ ಸೆಟ್ಟು, ವಯರು ಸುತ್ತಿಟ್ಟ ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಗನ್ನು, ನಾಲ್ಕೈದು ಕ್ಯಾಸೆಟ್ಟು. “ಇದೆಂತ, ಇನ್ನೂ ಉಂಟಾ? ಗುಜರಿಗೆ ಹಾಕಿ” ಎಂದು ಯಾರೋ ಹೇಳುತ್ತಾರೆ. ಅದು ಚೀಲಕ್ಕೆ ಬೀಳುತ್ತದೆ. ತೂಕಕ್ಕೆ ಸಿಗುವ ಹಣದಲ್ಲಿ ಒಂದು ಕಿಲೋ ಬಂಗುಡೆಯೂ ಬಾರದು.

ಹಾಕಬೇಡಿ ಎಂದು ಹೇಳಲಿಕ್ಕೇ ಈ ಬರಹ.

ಆ ಪೆಟ್ಟಿಗೆ ನಮ್ಮ ಮನೆಗೆ ಹೇಗೆ ಬಂತೆಂದು ಸ್ವಲ್ಪ ನೆನಪಿಸಿಕೊಳ್ಳೋಣ. 80ರ ದಶಕದ ಕೊನೆ, 90ರ ದಶಕ. ಉಪ್ಪ ದಮ್ಮಾಮಿನಲ್ಲೋ ಜುಬೈಲಿನಲ್ಲೋ ದುಬೈಯಲ್ಲೋ ಇದ್ದ ಕಾಲ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಬಜ್ಪೆಯಿಂದ ಗಲ್ಫಿಗೆ ನೇರ ವಿಮಾನ ಶುರುವಾದದ್ದೇ 2006ರಲ್ಲಿ. ಅದಕ್ಕೆ ಮುಂಚೆ ಬಾಂಬೆಯಲ್ಲಿ ಇಳಿದು, ಹಗ್ಗ ಬಿಗಿದ ಕಾರ್ಟನ್ನುಗಳನ್ನು ಬಸ್ಸಿಗೆ ಹೇರಿಕೊಂಡು ಊರಿಗೆ ಬರಬೇಕಿತ್ತು. ಕಂಬಳಿ, ಹಾಲಿನ ಪುಡಿ, ಅತ್ತರು, ಉಮ್ಮನಿಗೆ ಸೀರೆ. ಅದರಡಿಯಲ್ಲಿ ಮಕ್ಕಳಿಗೊಂದು ಗೇಮ್ ಸೆಟ್ಟು. ಆಟ ಕಲಿತು ಕೈ ಕುದುರುವ ಹೊತ್ತಿಗೆ ಉಪ್ಪನ ರಜೆ ಮುಗಿದಿರುತ್ತಿತ್ತು. ಎರಡು ರಿಮೋಟುಗಳಲ್ಲಿ ಒಂದನ್ನು ಹಿಡಿದು ನಮ್ಮೊಟ್ಟಿಗೆ ಆಡಿದ ಉಪ್ಪಂದಿರು ಬಹಳ ಕಡಿಮೆ.

ಈ ಯಂತ್ರದ ಮೂಲ ಜಪಾನಿನದ್ದು. ನಿಂಟೆಂಡೊ ಕಂಪೆನಿ 1983ರ ಜುಲೈಯಲ್ಲಿ ಫ್ಯಾಮಿಲಿ ಕಂಪ್ಯೂಟರ್ ಎಂಬ ಹೆಸರಿನಲ್ಲಿ ಬಿಟ್ಟ ಸೆಟ್ಟು ಅದು. ಫ್ಯಾಮಿಕಾಮ್ ಎಂದು ಚುಟುಕು ಹೆಸರು. ನಮ್ಮ ಮನೆಗಳಿಗೆ ಬಂದವುಗಳಲ್ಲಿ ಹೆಚ್ಚಿನವು ಅಸಲಿ ಅಲ್ಲ, ತೈವಾನ್ ಮತ್ತು ಚೀನಾದಲ್ಲಿ ತಯಾರಾದ ನಕಲುಗಳು. ತೈವಾನಿನ ಮೈಕ್ರೋ ಜೀನಿಯಸ್ ಗಲ್ಫಿನ ಅಂಗಡಿಗಳಲ್ಲಿ ಜೋರಾಗಿ ಓಡುತ್ತಿತ್ತು. ಅಲ್ಲಿನ ಅರಬರು ಯಾವ ಗೇಮ್ ಸೆಟ್ಟಿಗೂ ‘ಅತಾರಿ’ ಎನ್ನುತ್ತಿದ್ದರು, ನಾವು ಯಾವ ವನಸ್ಪತಿಗೂ ಡಾಲ್ಡಾ ಎಂದ ಹಾಗೆ. ಕುವೈತಿನ ಅಲ್ ಆಲಮಿಯ್ಯ ಕಂಪೆನಿ ‘ಸಖ್ರ್’ ಎಂಬ ಅರಬಿ ಕಂಪ್ಯೂಟರನ್ನೇ ಮಾರುತ್ತಿತ್ತು. ಅರಬಿ ಅಕ್ಷರದ ಕೀಬೋರ್ಡು, ಮೇಲೆ ಗೇಮ್ ಕ್ಯಾಸೆಟ್ಟು ಸಿಕ್ಕಿಸುವ ಬಾಯಿ. ಅಂಥದ್ದು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಜೋಪಾನ, ಅದು ಅಪರೂಪದ ವಸ್ತು.

ನಾವು ಕ್ಯಾಸೆಟ್ಟು ಎಂದದ್ದರ ಒಳಗೆ ಟೇಪು ಇಲ್ಲ. ಒಂದು ಸಣ್ಣ ಬೋರ್ಡು, ಅದರ ಮೇಲೆ ಆಟ ತುಂಬಿದ ಚಿಪ್ಪು, ಅಷ್ಟೇ. ಇಂಥ ಬದಲಾಯಿಸುವ ಕ್ಯಾಸೆಟ್ಟು ಮೊದಲು ಬಂದದ್ದು 1976ರಲ್ಲಿ, ಅಮೆರಿಕದ ಫೇರ್‌ಚೈಲ್ಡ್ ಕಂಪೆನಿಯ ಸೆಟ್ಟಿಗೆ. ಆ ತಂಡವನ್ನು ಮುನ್ನಡೆಸಿದವರು ಜೆರ್ರಿ ಲಾಸನ್ ಎಂಬ ಕರಿಯ ಎಂಜಿನಿಯರ್. 1985ರ ಸೂಪರ್ ಮಾರಿಯೋ ಆಟ ಪೂರ್ತಿಯಾಗಿ 40 ಕಿಲೋಬೈಟಿನಲ್ಲಿ ಮುಗಿಯುತ್ತದೆ. ನಾವು ಬೆಳಿಗ್ಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸುವ ಒಂದು ಫೋಟೋ ಅದಕ್ಕಿಂತ ದೊಡ್ಡದು. ನಮ್ಮ ಕ್ಯಾಸೆಟ್ಟುಗಳ ಮೇಲೆ ‘9999 ಇನ್ 1’ ಎಂದು ಬರೆದಿರುತ್ತಿತ್ತು, ಹಾಕಿ ನೋಡಿದರೆ ನಾಲ್ಕೈದೇ ಆಟಗಳು ಹೆಸರು ಬದಲಿಸಿ ಮತ್ತೆ ಮತ್ತೆ ಬರುತ್ತಿದ್ದವು. ಆ ಮೋಸ ನೆನೆದರೆ ಈಗಲೂ ನಗು ಬರುತ್ತದೆ.

ಇನ್ನು ರಿಪೇರಿ ಮಾತು. ಸತ್ತಿದೆ ಎಂದು ನಾವು ಬದಿಗಿಟ್ಟ ಎಷ್ಟೋ ಸೆಟ್ಟುಗಳು ಸತ್ತಿರುವುದಿಲ್ಲ. ಮೊದಲ ಕಾಯಿಲೆ ಕೊಳೆ. ಕ್ಯಾಸೆಟ್ಟಿನ ತುದಿಯ 60 ತಾಮ್ರದ ಪಟ್ಟಿಗಳಿಗೆ ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ ಹಿಡಿದಿರುತ್ತದೆ. ಮೊಬೈಲ್ ರಿಪೇರಿಯವರ ಹತ್ತಿರ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಕಿವಿ ಹತ್ತಿ ಅದ್ದಿ ಒರೆಸಿದರೆ ಕಪ್ಪು ಬಿಡುತ್ತದೆ. ನಾವೆಲ್ಲ ಚಿಕ್ಕವರಿದ್ದಾಗ ಬಾಯಿಂದ ಊದಿದ್ದೇ ಊದಿದ್ದು. ಅದು ತಪ್ಪು ಮಾರಾಯ್ರೆ. ಉಸಿರಿನ ತೇವಕ್ಕೆ ಪಟ್ಟಿ ಇನ್ನಷ್ಟು ಹಾಳಾಗುತ್ತದೆ. ತೆಗೆದು ಮತ್ತೆ ಸಿಕ್ಕಿಸಿದ್ದರಿಂದ ಸರಿಯಾಗುತ್ತಿತ್ತು, ಊದಿದ್ದರಿಂದ ಅಲ್ಲ.

ಎರಡನೆಯದು ಅಡಾಪ್ಟರ್. ಅಸಲಿ ಫ್ಯಾಮಿಕಾಮಿನ ಪಿನ್ನಿನಲ್ಲಿ ನಡುವೆ ಮೈನಸ್ಸು. ಈಗ ಸಿಗುವ ಹೆಚ್ಚಿನ ಅಡಾಪ್ಟರುಗಳಲ್ಲಿ ನಡುವೆ ಪ್ಲಸ್ಸು. ಸೆಟ್ಟಿನ ಅಡಿಯಲ್ಲಿ ಬರೆದದ್ದನ್ನು ನೋಡದೆ ಸಿಕ್ಕಿಸಿದರೆ ಒಳಗೆ ಸುಟ್ಟೀತು. ಮೂರನೆಯದು, ಕರೆಂಟನ್ನು 5 ವೋಲ್ಟಿಗೆ ಇಳಿಸುವ 7805 ಎಂಬ ಮೂರು ಕಾಲಿನ ಚಿಪ್ಪು ಮತ್ತು ತಲೆ ಉಬ್ಬಿದ ಕಂಡೆನ್ಸರು. ಈ ಎರಡರ ಹೆಸರು ಹೇಳಿದರೆ ಸಾಕು, ಯಾವ ಹಳೆಯ ಟಿವಿ ಮೆಕ್ಯಾನಿಕ್ಕಿಗೂ ಗೊತ್ತು. ಆದರೆ ಬಿಚ್ಚಿದಾಗ ಬಿಡಿಬಿಡಿ ಚಿಪ್ಪುಗಳ ಬದಲು ಬೋರ್ಡಿನ ಮೇಲೆ ಕರಿಯ ಅಂಟಿನ ಒಂದು ಬೊಟ್ಟು ಮಾತ್ರ ಕಂಡರೆ, ಅದು ನಂತರದ ಅಗ್ಗದ ಮಾಲು. ಆ ಬೊಟ್ಟಿನೊಳಗೆ ಹಾಳಾಗಿದ್ದರೆ ರಿಪೇರಿ ಇಲ್ಲ. ಬಾತುಕೋಳಿ ಹೊಡೆಯುವ ಗನ್ನೂ ಈಗಿನ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡದು, ಅದು ಹಳೆಯ ಡಬ್ಬ ಟಿವಿಯ ಬೆಳಕನ್ನೇ ನಂಬಿದ್ದು. ಹಾಗೆಂದು ಡಬ್ಬ ಟಿವಿಯ ಹಿಂಬದಿ ಮಾತ್ರ ಮಕ್ಕಳು ಬಿಚ್ಚಬಾರದು. ಪ್ಲಗ್ಗು ತೆಗೆದ ಮೇಲೂ ಒಳಗೆ ಜೀವ ತೆಗೆಯುವ ಕರೆಂಟು ನಿಂತಿರುತ್ತದೆ.

ಇಷ್ಟು ಹೇಳುವಾಗ ಹಿರಿಯರು ಕೇಳಿಯೇ ಕೇಳುತ್ತಾರೆ: “ಆಟದ ಹುಚ್ಚು ಬಿಡಿಸಲಿಕ್ಕೆ ಆಗದೆ ನಾವು ಸಾಯ್ತಾ ಇದ್ದೇವೆ, ನೀವು ಹಳೆಯದನ್ನು ಎಬ್ಬಿಸ್ತೀರಾ?” ಪ್ರಶ್ನೆ ಸರಿಯೇ. ಆಗಲೂ ಮದ್ರಸ ತಪ್ಪಿಸಿ ಆಡಿದವರಿದ್ದರು, ಮಗ್ರಿಬ್ ಬಾಂಗ್ ಆದರೂ ಟಿವಿಯ ಮುಂದಿನಿಂದ ಏಳದೆ ಪೆಟ್ಟು ತಿಂದವರಿದ್ದರು. ಆದರೆ ಆ ಕ್ಯಾಸೆಟ್ಟು ಒಮ್ಮೆ ಕೊಂಡ ಮೇಲೆ ನಮ್ಮಿಂದ ಮತ್ತೊಂದು ಪೈಸೆ ಕೇಳಲಿಲ್ಲ. ಜಾಹೀರಾತು ತೋರಿಸಲಿಲ್ಲ. ರಾತ್ರಿ ಎರಡು ಗಂಟೆಗೆ ನೋಟಿಫಿಕೇಶನ್ ಕಳಿಸಿ ಎಬ್ಬಿಸಲಿಲ್ಲ. ಉಮ್ಮ ಸ್ವಿಚ್ಚು ತೆಗೆದರೆ ಆಟ ಮುಗಿಯಿತು. ಈಗ ಮಕ್ಕಳ ಕೈಯಲ್ಲಿರುವ ಆಟಗಳು ಹಾಗಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟಿನಲ್ಲಿ ಸಂಸತ್ತೇ ತರಬೇಕಾಯಿತು. ನಾವು ಕೇಳುವುದು ಮಕ್ಕಳನ್ನು ಇನ್ನಷ್ಟು ಆಡಿಸಿ ಎಂದಲ್ಲ. ಅವರ ಕೈಯಿಂದ ಸ್ವಲ್ಪ ಹೊತ್ತು ಫೋನು ತೆಗೆದು ಸ್ಕ್ರೂ ಡ್ರೈವರು ಕೊಡಿ ಎಂದು. ಆಟ ಒಂದು ಗಂಟೆಯದ್ದು, ಅದನ್ನು ಸರಿಮಾಡುವ ಕೆಲಸ ಒಂದು ವಾರದ್ದು.

ಹಳೆಯ ಸೆಟ್ಟು ಸಂಗ್ರಹಿಸುವುದರಲ್ಲಿಯೂ ಒಂದು ರೋಗ ಉಂಟು, ಅದನ್ನೂ ಹೇಳಬೇಕು. 2021ರ ಜುಲೈಯಲ್ಲಿ ಅಮೆರಿಕದ ಹರಾಜಿನಲ್ಲಿ ಸೀಲು ಒಡೆಯದ ಒಂದು ಮಾರಿಯೋ ಕ್ಯಾಸೆಟ್ಟು 15.6 ಲಕ್ಷ ಡಾಲರಿಗೆ ಹೋಯಿತು. ಕೊಂಡವರು ಅದನ್ನು ಆಡುವ ಹಾಗಿಲ್ಲ, ಬಿಚ್ಚಿದರೆ ಬೆಲೆ ಬಿತ್ತು. ಬಳಸದೆ ಕೂಡಿಟ್ಟು ಮೆರೆಯುವ ಈ ಚಟ ನಮ್ಮ ದೀನಿಗೂ ಹೊಂದದು, ನಮ್ಮ ಬುದ್ಧಿಗೂ ಹೊಂದದು. ನಮ್ಮ ಅಟ್ಟದ ನಕಲಿ ಸೆಟ್ಟಿಗೆ ಅಂಥ ಬೆಲೆ ಯಾರೂ ಕೊಡುವುದಿಲ್ಲ, ಒಳ್ಳೆಯದೇ ಆಯಿತು. ಬಿಚ್ಚಲಿಕ್ಕೆ ಹೆದರಿಕೆ ಇಲ್ಲ. ಇದ್ದುದನ್ನು ಸರಿಮಾಡಿ ಬಳಸುವುದು ಇಸ್ರಾಫ್ ಅಲ್ಲ, ಸರಿಯಾಗುವುದನ್ನು ಬಿಸಾಡುವುದೇ ಇಸ್ರಾಫ್. ಪ್ರವಾದಿವರ್ಯರು (ಸ) ತಮ್ಮ ಚಪ್ಪಲಿಯನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದರೆಂದು ಆಯಿಶಾ (ರ) ಅವರು ಹೇಳಿದ್ದನ್ನು ನಾವು ಮದ್ರಸದಲ್ಲಿಯೇ ಕಲಿತವರು.

ನಿಜವಾದ ಚಿಂತೆ ಬೇರೆ ಉಂಟು. ನಮ್ಮ ಪೇಟೆಗಳಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದ ಕಾಕಂದಿರ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿವೆ. ಸದ್ದು ಕೇಳಿಯೇ ಯಾವ ಕಂಡೆನ್ಸರು ಹೋಗಿದೆ ಎಂದು ಹೇಳುವ ಕೈಗಳು ಈಗ ಮನೆಯ ಜಗಲಿಯಲ್ಲಿ ಸುಮ್ಮನೆ ಕೂತಿವೆ. ಅವರ ಕೈಯ ವಿದ್ಯೆ ಅವರೊಟ್ಟಿಗೇ ಹೋದರೆ ಅದನ್ನು ಯಾವ ಅಟ್ಟದಲ್ಲಿ ಹುಡುಕುವುದು?

ಹಾಗಾಗಿ ನಮ್ಮ ಸಲಹೆ ಇಷ್ಟೇ. ಜಮಾಅತ್‌ಗಳು, ಯುವಕ ಸಂಘಗಳು ತಿಂಗಳಿಗೊಂದು ಆದಿತ್ಯವಾರ, ಅಸರ್ ನಂತರ ಒಂದು ಮೇಜು ಹಾಕಲಿ. ಒಬ್ಬ ಹಳೆಯ ಮೆಕ್ಯಾನಿಕ್ ಕಾಕನನ್ನು ಗೌರವದಿಂದ ಕರೆದು ಕೂರಿಸಲಿ, ಕೈಗೆ ಸಂಭಾವನೆಯನ್ನೂ ಕೊಡಲಿ. ಮಕ್ಕಳು, ಹುಡುಗಿಯರೂ ಸೇರಿ, ಮನೆಯ ಹಾಳಾದ ಗೇಮ್ ಸೆಟ್ಟು ತರಲಿ. ಬೆಸುಗೆ ಹಿಡಿಯುವುದನ್ನು ಕಲಿಯಲಿಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಕಡಿಮೆ ವೋಲ್ಟೇಜು, ಹಾಳಾದರೂ ನಷ್ಟವಿಲ್ಲ, ಸರಿಯಾದರೆ ಮಕ್ಕಳಿಗೆ ಕೂಡಲೇ ಕಾಣುತ್ತದೆ. ಕಿಟಕಿ ತೆರೆದಿರಲಿ, ಸೀಸದ ಬೆಸುಗೆ ಮುಟ್ಟಿದ ಕೈ ತೊಳೆದೇ ತಿಂಡಿ ಮುಟ್ಟಲಿ. ಗುಜರಿ ವ್ಯಾಪಾರ ನಮ್ಮವರ ಎಷ್ಟೋ ಮನೆಗಳ ಅನ್ನ. ಆ ಅಂಗಡಿಯವರಿಗೂ ಒಂದು ವಿನಂತಿ: ಇಂಥ ಸೆಟ್ಟು ಬಂದರೆ ಒಡೆಯಬೇಡಿ, ತಾಮ್ರಕ್ಕಾಗಿ ವಯರು ಸುಡಬೇಡಿ, ಬದಿಗೆ ತೆಗೆದಿಡಿ. ಕಲಿಯುವ ಮಕ್ಕಳು ಬಂದು ನೀವು ಕೊಟ್ಟ ಬೆಲೆಗಿಂತ ಸ್ವಲ್ಪ ಹೆಚ್ಚೇ ಕೊಟ್ಟು ಒಯ್ಯಲಿ.

ಗಲ್ಫ್ ಬಿಟ್ಟು ಬಂದ ಉಪ್ಪಂದಿರು ಈಗ ಉಪ್ಪಾಪಂದಿರಾಗಿದ್ದಾರೆ. ಅವರಿಗೀಗ ರಜೆ ಮುಗಿಯುವ ಗಡಿಬಿಡಿಯಿಲ್ಲ. ಈ ಸಲ ಅಟ್ಟದಿಂದ ಆ ಪೆಟ್ಟಿಗೆ ಇಳಿದರೆ ಚೀಲಕ್ಕೆ ಹಾಕುವ ಮುಂಚೆ ಒಮ್ಮೆ ಅವರ ಮುಂದೆ ಇಡಿ. ಯಾವ ಅಂಗಡಿಯಲ್ಲಿ ಕೊಂಡರು, ಎಷ್ಟು ರಿಯಾಲು ಕೊಟ್ಟರು, ಆ ತಿಂಗಳು ಎಂತ ಖರ್ಚು ಕಡಿಮೆ ಮಾಡಿಕೊಂಡರು ಎಂದು ಕೇಳಿ. ಸೆಟ್ಟು ಸರಿಯಾದ ದಿನ ಎರಡನೇ ರಿಮೋಟು ಅವರ ಕೈಗೆ ಕೊಡಿ.