ಉಪ್ಪು ತೆಗೆಯಬಹುದು, ಇಡುವುದೆಲ್ಲಿ?

ಪಶ್ಚಿಮಾಭಿಮುಖ ನದಿಗಳ ನೀರು ಕಡಲು ಸೇರಿ ವ್ಯರ್ಥವಾಗುತ್ತಿದೆ ಎಂಬ ವಾದ ಎತ್ತಿನಹೊಳೆ ಯೋಜನೆಯ ಚರ್ಚೆಯುದ್ದಕ್ಕೂ ಕೇಳಿಬಂದಿತು. ನದಿ ತಿರುಗಿಸುವುದು ಬೇಡ, ಕಡಲ ನೀರನ್ನೇ ಸಿಹಿಯಾಗಿಸಿ ಎಂಬುದು ಅದಕ್ಕೆ ಬರುವ ಪ್ರತ್ಯುತ್ತರ. ನೀರಿನಿಂದ ಉಪ್ಪನ್ನು ಬೇರ್ಪಡಿಸಲು ಶಕ್ತಿ ಬೇಕು, ಬೇರ್ಪಟ್ಟ ಉಪ್ಪಿಗೆ ಜಾಗ ಬೇಕು ಎಂಬುದನ್ನು ಈ ಎರಡೂ ವಾದಗಳು ಮರೆಯುತ್ತವೆ.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ ಆರ್‌ಓ ವಿಧಾನದಲ್ಲಿ ಸಾವಿರ ಲೀಟರ್ ಸಿಹಿನೀರಿಗೆ 3-4 ಯೂನಿಟ್ ವಿದ್ಯುತ್ ವ್ಯಯವಾಗುತ್ತದೆ. ನಿಸರ್ಗನಿಯಮದಂತೆ ಸುಮಾರು ಒಂದು ಯೂನಿಟ್ಟಿಗಿಂತ ಕಡಿಮೆಯಲ್ಲಿ ಈ ಕೆಲಸ ಸಾಧ್ಯವೇ ಇಲ್ಲ. ಕೊನೆಗೆ ಉಳಿಯುವ ಗಾಢ ಉಪ್ಪುನೀರು ಸಾಮಾನ್ಯವಾಗಿ ಮರಳಿ ಕಡಲಿಗೇ ಹೋಗುತ್ತದೆ.

ಈ ಗಾಢ ಉಪ್ಪುನೀರಿನ ಸಮಸ್ಯೆಗೆ ದ್ರಾವಕ ವಿಧಾನವು ಒಂದು ದಾರಿ ತೋರುತ್ತದೆ. ಕೆಲವು ಅಮೀನ್ ದ್ರಾವಕಗಳು ತಂಪಾಗಿದ್ದಾಗ ನೀರನ್ನು ಹೀರಿಕೊಳ್ಳುತ್ತವೆ, ಉಪ್ಪನ್ನು ಬಹುಪಾಲು ಹೊರಗೇ ಬಿಡುತ್ತವೆ. ನೀರು ತುಂಬಿದ ದ್ರಾವಕವು ಹಗುರವಾದ್ದರಿಂದ ಮೇಲೆ ತೇಲುತ್ತದೆ. ಅದನ್ನು ಬೇರ್ಪಡಿಸಿ ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಹೀರಿದ ನೀರನ್ನು ಬಿಟ್ಟುಕೊಡುತ್ತದೆ; ದ್ರಾವಕ ಪುನಃ ಬಳಕೆಗೆ ಸಿದ್ಧ. ಅಮೆರಿಕದ ಟೆಕ್ಸಾಸ್‌ನಲ್ಲಿ 1950ರ ದಶಕದಲ್ಲೇ ಇದರ ಪ್ರಯೋಗಗಳು ನಡೆದಿದ್ದವು. 2019ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ನ್ಗಾಯ್ ಯಿನ್ ಯಿಪ್ ಅವರ ತಂಡ, ಕಡಲಿಗಿಂತ ಹಲವು ಪಟ್ಟು ಉಪ್ಪಾದ ನೀರನ್ನೂ ಹೀಗೆ ಸಂಸ್ಕರಿಸಬಹುದೆಂದು ತೋರಿಸಿತು. ಕಾರ್ಖಾನೆಗಳು ವ್ಯರ್ಥವಾಗಿ ಹೊರಬಿಡುವ ಶಾಖ ಅಥವಾ ಬಿಸಿಲಿನ ಶಾಖವೇ ಇದಕ್ಕೆ ಸಾಕಾಗಬಹುದು.

ಆದರೆ ಹೊರಬರುವ ನೀರಿನಲ್ಲಿ ದ್ರಾವಕದ ಅಂಶ ಉಳಿಯುತ್ತದೆ. ಅದನ್ನು ತೆಗೆಯದೆ ಕುಡಿಯಲಾಗದು. ಉಪ್ಪಿನ ಶೇಷವಂತೂ ಇದ್ದೇ ಇರುತ್ತದೆ. ಆದ್ದರಿಂದ ಕಾರ್ಖಾನೆಗಳ ಉಪ್ಪು ತ್ಯಾಜ್ಯವನ್ನು ಅಲ್ಲಲ್ಲಿಯೇ ಸಂಸ್ಕರಿಸಲು ಈ ವಿಧಾನವನ್ನು ಪೋಷಿಸುವುದು ಉಚಿತ. ನದಿಗೆ ಬದಲಿ ಎಂದು ಭಾವಿಸುವುದು ಅನುಚಿತ.

ಕಡಲಿನ ಉಪ್ಪನ್ನು ಕಡಲಲ್ಲೇ ಬಿಟ್ಟು ಸಿಹಿನೀರನ್ನಷ್ಟೇ ಮೇಲೆತ್ತುವ ಕೆಲಸವನ್ನು ಸೂರ್ಯ ಪುಕ್ಕಟೆಯಾಗಿ ಮಾಡುತ್ತಿದ್ದಾನೆ. ಆ ಮೋಡಗಳನ್ನು ತಡೆದು ಮಳೆ ಸುರಿಸುವುದು ಸಹ್ಯಾದ್ರಿ; ಮಳೆನೀರನ್ನು ಹಿಡಿದಿಟ್ಟು ಹೊಳೆಗೆ ಬಿಡುವುದು ಕಾಡು. ಅಳಿವೆಗೆ ತಲುಪುವ ಹೊಳೆನೀರು ಮೀನಿನ ಸಂತತಿಯನ್ನು ಸಲಹುತ್ತದೆ, ಕರಾವಳಿಯ ಬಾವಿಗಳಿಗೆ ಉಪ್ಪು ನುಗ್ಗದಂತೆ ತಡೆಯುತ್ತದೆ. ಅದನ್ನು ವ್ಯರ್ಥವೆಂದು ಕರೆಯುವವರು, ನೀರಿನಿಂದ ಉಪ್ಪು ತೆಗೆಯಲು ತಗಲುವ ವೆಚ್ಚವನ್ನೊಮ್ಮೆ ಲೆಕ್ಕ ಹಾಕಲಿ.