ಅಡಿಗೆಯ ಮನೆ: ಹುರಿದ ಕೋಳಿಯ ಬಟ್ಟಲೂಟ



ಕಳೆದ ಸಂಚಿಕೆ ಕೈಸೇರಿದ ವಾರದಲ್ಲೇ ವಿಜಯವಾಡದಿಂದ ನಮ್ಮ ಸಂಘದ ಸೋದರಿಯೊಬ್ಬರು ನನಗೊಂದು ಕಾಗದ ಬರೆದರು. ಅದನ್ನು ಓದಿದಂದಿನಿಂದ ಈ ಸಂಚಿಕೆಗೆಂದು ಮೊದಲೇ ಬರೆದಿಟ್ಟಿದ್ದ ಉಪ್ಪಿನಕಾಯಿಯ ವಿಷಯವನ್ನು ಬದಿಗಿರಿಸಿದ್ದೇನೆ. ಕಾಗದದ ಸಾರಾಂಶವಿಷ್ಟು:

“ಅಕ್ಕಾ, ನಾನು ಕಚೇರಿಯಿಂದ ಮನೆ ಸೇರುವಾಗ ಏಳು ಗಂಟೆ. ಅಷ್ಟರಲ್ಲಿ ಮಕ್ಕಳಿಬ್ಬರೂ ಹೊರಗಿನಿಂದ ಬಿರಿಯಾನಿ ತರಿಸಿಕೊಂಡು ತಂತಮ್ಮ ಕೋಣೆ ಸೇರಿರುತ್ತಾರೆ. ಅತ್ತೆಯವರು ಮಾಂಸ ಮುಟ್ಟುವವರಲ್ಲ. ಆರೂವರೆಗೇ ಒಬ್ಬರೇ ಕುಳಿತು ಮೊಸರನ್ನ ಉಂಡು ಬಾಗಿಲು ಹಾಕಿಕೊಳ್ಳುತ್ತಾರೆ. ನಮ್ಮವರು ಎಂಟಕ್ಕೆ ಬರುತ್ತಾರೆ. ಒಂದೇ ಸೂರಿನಡಿ ಇರುವ ಐವರು ವಾರವಿಡೀ ಒಬ್ಬರ ಮುಖ ಒಬ್ಬರು ನೋಡಿ ಉಂಡಿದ್ದಿಲ್ಲ. ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳುವಂಥ ಒಂದು ಅಡಿಗೆ ಹೇಳಿಕೊಡುವಿರಾ?”

ಇದು ಬರಿಯ ಅಡಿಗೆಯ ಪ್ರಶ್ನೆಯಲ್ಲವೆಂದು ನಿಮಗೂ ತೋರಿರಬೇಕು. ಆದರೂ ಅಡಿಗೆಯಿಂದ ಆಗುವಷ್ಟನ್ನು ಮಾಡೋಣವೆಂದು ವಿಶಾಖಪಟ್ಟಣದಿಂದ ಮಧ್ಯಾಹ್ನದ ರತ್ನಾಚಲ ಎಕ್ಸ್‌ಪ್ರೆಸ್ ಹತ್ತಿದೆ. ಸುಮಾರು 350 ಕಿಲೋಮೀಟರು ದಾರಿ. ಹೊತ್ತು ಮುಳುಗುವಾಗ ವಿಜಯವಾಡ. ಮಾರನೆಯ ದಿನ ಬುಧವಾರ, ಅವರ ಮನೆಯಲ್ಲೇ ಮಾಡಿದ ಅಡಿಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಸ ಕಾಲದವರು ಇದನ್ನು ‘ರೈಸ್ ಬೌಲ್’ ಎನ್ನುತ್ತಾರೆ. ನಾವು ಬಟ್ಟಲೂಟವೆನ್ನೋಣ. ಅಗಲವಾದ ಬಟ್ಟಲಿನಲ್ಲಿ ತಳಕ್ಕೆ ಅನ್ನ, ಒಂದು ಬದಿಗೆ ಕೋಸಂಬರಿ, ಇನ್ನೊಂದು ಬದಿಗೆ ಚಟ್ನಿ, ಮೊಸರು. ಮೇಲೆ ಮಸಾಲೆ ಹಚ್ಚಿ ಹುರಿದ ಕೋಳಿ. ಇದರ ದೊಡ್ಡ ಗುಣವೇನೆಂದರೆ, ಕೋಳಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಎಲ್ಲರಿಗೂ ಸಲ್ಲುತ್ತದೆ. ಬಿರಿಯಾನಿಯಲ್ಲಿ ಮಾಂಸವನ್ನು ಅನ್ನದಿಂದ ಬೇರೆ ಮಾಡಲಾಗದು. ಇಲ್ಲಿ ಅವು ಮೊದಲಿನಿಂದಲೂ ಬೇರೆಯೇ.

ಐವರಿಗೆ ಬೇಕಾದ ಸಾಮಾನು

ಮೂಳೆ ತೆಗೆದ ಕೋಳಿಯ ತೊಡೆಯ ಮಾಂಸ 600 ಗ್ರಾಂ (ನಾಲ್ವರಿಗೆ), ಗಟ್ಟಿ ಮೊಸರು ಅರ್ಧ ಬಟ್ಟಲು, ಶುಂಠಿ–ಬೆಳ್ಳುಳ್ಳಿ ಅರೆದದ್ದು 2 ಚಮಚ, ಧನಿಯದ ಪುಡಿ 2 ಚಮಚ, ಅಚ್ಚ ಖಾರದ ಪುಡಿ 2 ಚಮಚ, ಕಾಳುಮೆಣಸಿನ ಪುಡಿ ಅರ್ಧ ಚಮಚ, ಅರಿಸಿನ ಅರ್ಧ ಚಮಚ, ಉಪ್ಪು ಒಂದೂಕಾಲು ಚಮಚ, ಎಣ್ಣೆ 2 ಚಮಚ, ಒಂದು ಎಸಳು ಕರಿಬೇವು. ಅಕ್ಕಿ 400 ಗ್ರಾಂ. ಅತ್ತೆಯವರಿಗಾಗಿ ಒಂದು ಸಣ್ಣ ಹೂಕೋಸು, ಒಂದು ಹಿಡಿ ಬೇಯಿಸಿದ ಕಾಬೂಲಿ ಕಡಲೆ.

ಖಾರದ ಪುಡಿಯ ವಿಷಯದಲ್ಲಿ ಒಂದು ಮಾತು. ವಿಜಯವಾಡದ ಪಕ್ಕದಲ್ಲೇ ಗುಂಟೂರು. ಅಲ್ಲಿನ ಸಣ್ಣಂ ಮೆಣಸಿನಕಾಯಿಯ ಖಾರ ನಿಮಗೆ ತಿಳಿದದ್ದೇ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ನಾನು ಎರಡನ್ನೂ ಸಮಸಮ ಹಾಕುತ್ತೇನೆ. ಕೋಳಿಗೆ ಕೆಂಡದಂಥ ಬಣ್ಣವೂ ಬರುತ್ತದೆ, ಮಕ್ಕಳ ಕಣ್ಣಲ್ಲಿ ನೀರೂ ಬರುವುದಿಲ್ಲ. ಅಕ್ಕಿಗೆ ದೂರ ಹೋಗಬೇಕಾಗಿಲ್ಲ. ಬಾಪಟ್ಲದ ಕೃಷಿ ಸಂಶೋಧಕರು 1986ರಲ್ಲಿ ಹೊರತಂದ ಬಿ.ಪಿ.ಟಿ. 5204, ಎಂದರೆ ಸಾಂಬ ಮಸೂರಿ, ಈ ಊಟಕ್ಕೆ ಹೇಳಿ ಮಾಡಿಸಿದ ಸಣ್ಣ ಅಕ್ಕಿ. ಎರಡರಷ್ಟು ನೀರಿಟ್ಟರೆ ಉದುರುದುರಾಗಿ ಆಗುತ್ತದೆ.

ಬೆಳಗಿನ ಹತ್ತು ನಿಮಿಷ

ಕೋಳಿಯನ್ನು ಎರಡು ಅಂಗುಲದ ತುಂಡುಗಳಾಗಿಸಿ, ಎಣ್ಣೆ, ಕರಿಬೇವು ಬಿಟ್ಟು ಉಳಿದ ಮಸಾಲೆಯನ್ನೆಲ್ಲ ಮೊಸರಿನಲ್ಲಿ ಕಲಸಿ ಹಚ್ಚಿ, ಮುಚ್ಚಿ, ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿಡಿ. ಮೊಸರಿನ ಹುಳಿ ಮಾಂಸವನ್ನು ಮೆದುವಾಗಿಸುತ್ತದೆ. ವಿಜಯವಾಡದ ಸೆಕೆಯಲ್ಲಿ ಇದನ್ನು ಹೊರಗಿಟ್ಟು ಕಚೇರಿಗೆ ಹೋಗತಕ್ಕದ್ದಲ್ಲ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯುವ ಪದ್ಧತಿಯನ್ನೂ ಬಿಡಿ. ಸಿಡಿಯುವ ಹನಿಗಳಿಂದ ರೋಗಾಣುಗಳು ಪಾತ್ರೆ, ತರಕಾರಿಗಳ ಮೇಲೆಲ್ಲ ಹರಡುತ್ತವೆ. ಅವು ಸಾಯುವುದು ಬೆಂಕಿಯಿಂದ, ನೀರಿನಿಂದಲ್ಲ. ಕತ್ತರಿಸಿದ ಮಣೆ, ಚಾಕು, ಕೈಗಳನ್ನು ಸಾಬೂನಿನಿಂದ ತೊಳೆಯಿರಿ.

ಸಂಜೆಯ ಕೆಲಸ

ಏಳು ಗಂಟೆಗೆ ಮನೆ ಸೇರಿದೊಡನೆ ಓವನ್ನನ್ನು 220 ಡಿಗ್ರಿ ಸೆಂಟಿಗ್ರೇಡಿಗೆ ಕಾಯಲಿಟ್ಟು, ಅಕ್ಕಿಯನ್ನು ಕುಕ್ಕರಿಗೆ ಹಾಕಿ, ಮುಖ ತೊಳೆದು ಬನ್ನಿ.

ಹುರಿಯುವ ಕ್ರಮವನ್ನು ನಾನು ಕಲಿತದ್ದು ಅರಕು ಕಣಿವೆಯಲ್ಲಿ. ವಿಶಾಖಪಟ್ಟಣದ ನಮ್ಮಲ್ಲಿ ಅನೇಕರು ಬೆಟ್ಟದ ರೈಲು ಹತ್ತಿ ಅಲ್ಲಿಗೆ ಹೋಗಿ ಬಂದವರೇ. ಅಲ್ಲಿನ ಗಿರಿಜನರು ಮಸಾಲೆ ಹಚ್ಚಿದ ಕೋಳಿಯನ್ನು ಹಸಿ ಬಿದಿರಿನ ಕೊಳವೆಯೊಳಗೆ ತುಂಬಿ, ಎಲೆಯಿಂದ ಬಾಯಿ ಮುಚ್ಚಿ, ಬೆಂಕಿಯ ಮೇಲೆ ಹೊರಳಿಸುತ್ತ ಬೇಯಿಸುತ್ತಾರೆ. ಅದಕ್ಕೆ ‘ಬೊಂಗು ಚಿಕನ್’ ಎಂದು ಹೆಸರು. ಒಂದು ಹನಿ ಎಣ್ಣೆ ಬೇಡ; ಮಾಂಸದ ರಸವೂ ಹಸಿ ಬಿದಿರಿನ ತೇವವೂ ಒಳಗೇ ನಿಂತು ಕೋಳಿ ಮೆತ್ತಗೆ ಬೇಯುತ್ತದೆ. ಬಿದಿರು ನಮ್ಮ ಅಡಿಗೆಯ ಮನೆಯಲ್ಲಿಲ್ಲ. ಅದರ ಪಾಠವಂತೂ ಇದೆ: ಮೊದಲು ಮುಚ್ಚಿ ಬೇಯಿಸು, ಆಮೇಲೆ ತೆರೆದು ಹುರಿ.

ಆದುದರಿಂದ ಕೋಳಿಗೆ ಎಣ್ಣೆ, ಕರಿಬೇವು ಸೇರಿಸಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ಹತ್ತು ನಿಮಿಷ ಅಲ್ಯೂಮಿನಿಯಂ ಹಾಳೆ ಮುಚ್ಚಿಡಿ. ಆಮೇಲೆ ಹಾಳೆ ತೆಗೆದು ಹದಿನೈದು–ಇಪ್ಪತ್ತು ನಿಮಿಷ ಅಂಚು ಕೆಂಪಗಾಗುವವರೆಗೆ ಹುರಿಯಿರಿ. ತುಂಡುಗಳನ್ನು ಒತ್ತೊತ್ತಾಗಿ ತುಂಬಿದರೆ ನೀರು ಬಿಟ್ಟು ಬೇಯುವುದೇ ಹೊರತು ಹುರಿಯುವುದಿಲ್ಲ. ಓವನ್ ಇಲ್ಲದವರು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹನ್ನೆರಡು ನಿಮಿಷ ಮುಚ್ಚಿ ಬೇಯಿಸಿ, ಮುಚ್ಚಳ ತೆಗೆದು, ಉರಿ ಏರಿಸಿ, ನೀರೆಲ್ಲ ಇಂಗಿ ಮಸಾಲೆ ಹಿಡಿದುಕೊಳ್ಳುವಂತೆ ಹುರಿದರಾಯಿತು. ಇಲ್ಲಿಯ ಜನ ‘ಕೋಡಿ ವೇಪುಡು’ ಎನ್ನುವುದು ಹೆಚ್ಚುಕಡಿಮೆ ಇದನ್ನೇ.

ಈಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸಂಜೆ ಆತುರಪಟ್ಟು, ಮೇಲೆ ಕೆಂಪಾದದ್ದನ್ನೇ ನಂಬಿ ಬಡಿಸಿದೆ. ನನ್ನ ಮಗ ಮೂರು ದಿನ ವಾಂತಿ–ಭೇದಿಯಿಂದ ಮೇಲೇಳಲಿಲ್ಲ. ಆ ಮೂರು ರಾತ್ರಿ ನಾನು ಕಲಿತದ್ದೇನೆಂದರೆ, ಬಣ್ಣ ಮೋಸ ಮಾಡುತ್ತದೆ, ಉಷ್ಣಮಾಪಕ ಮಾಡುವುದಿಲ್ಲ. ಅಡಿಗೆಯ ಉಷ್ಣಮಾಪಕವನ್ನು ಎಲ್ಲಕ್ಕಿಂತ ದಪ್ಪನೆಯ ತುಂಡಿನ ನಡುವೆ ಚುಚ್ಚಿ ನೋಡಿ. 74 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದ್ದರೆ ಇಳಿಸಿ. ಇಲ್ಲದಿದ್ದರೆ ಹೊಟ್ಟೆ ಎಷ್ಟೇ ಹಸಿದಿರಲಿ, ಇನ್ನೈದು ನಿಮಿಷ ಕಾಯಿರಿ.

ಕೋಳಿ ಬೇಯುತ್ತಿರುವಾಗ ಸೌತೆಕಾಯಿ, ಕ್ಯಾರೆಟ್, ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ನಿಂಬೆರಸ, ಉಪ್ಪು ಬೆರಸಿ. ಮನೆಯಲ್ಲಿ ಗೋಂಗೂರದ ಚಟ್ನಿ ಇದ್ದರೆ ಒಂದು ಚಮಚ ಸಾಕು. ನಮ್ಮ ಉತ್ತರ ಕರ್ನಾಟಕದ ಪುಂಡಿ ಸೊಪ್ಪೇ ಇಲ್ಲಿ ಗೋಂಗೂರ. ಆ ಹುಳಿ ಹುರಿದ ಕೋಳಿಗೂ ಸೈ, ಬರಿಯ ಅನ್ನಕ್ಕೂ ಸೈ.

ಅತ್ತೆಯವರ ಬಟ್ಟಲು

ಹೂಕೋಸು, ಕಡಲೆಗೆ ಅದೇ ಮಸಾಲೆಯನ್ನು ಬೇರೆ ಪಾತ್ರೆಯಲ್ಲಿ ಕಲಸಿ, ಅವರದೇ ಬಾಣಲೆಯಲ್ಲಿ, ಅವರದೇ ಸಟುಗದಿಂದ ಹುರಿದೆವು. ಇದನ್ನು ಕೋಳಿಗಿಂತ ಮೊದಲೇ ಮಾಡಿ ಮುಗಿಸಿ, ಅನ್ನ, ಕೋಸಂಬರಿ, ಮೊಸರನ್ನು ಅವರ ಬಟ್ಟಲಿಗೇ ಮೊದಲು ಬಡಿಸಿದೆವು. ಹಿರಿಯರ ಆಚಾರವನ್ನು ಗೌರವಿಸುವುದಕ್ಕೆ ಹೆಚ್ಚಿಗೆ ಬೇಕಾದದ್ದು ಒಂದು ಬಾಣಲೆ, ಹತ್ತು ನಿಮಿಷ, ಅಷ್ಟೇ.

ಎಂಟಕ್ಕೆ ಊಟ ಸಿದ್ಧವಾಯಿತು. ಹುರಿದ ವಾಸನೆಗೆ ಮಕ್ಕಳು ಕರೆಯದೆಯೇ ಹೊರಬಂದರು. ಅತ್ತೆಯವರ ಬಾಗಿಲು ಮಾತ್ರ ಮುಚ್ಚಿತ್ತು. ಸೊಸೆ ಹೋಗಿ, “ಅತ್ತೆ, ನಿಮ್ಮ ಬಟ್ಟಲು ಬೇರೆಯೇ ಮಾಡಿದ್ದೇನೆ, ಬನ್ನಿ” ಎಂದರು. ಒಂದಿಷ್ಟು ಹೊತ್ತು ಮಾತಿಲ್ಲ. ಆಮೇಲೆ ಅವರು ಮೆಲ್ಲನೆ ಬಂದು, ಕಿಟಕಿಯ ಬದಿಯ ಕುರ್ಚಿಯನ್ನು ತುಸು ಹಿಂದಕ್ಕೆಳೆದು ಕುಳಿತರು. “ಆ ವಾಸನೆ ನನಗೆ ಬೇಡಮ್ಮಾ. ಮಕ್ಕಳ ಮಾತು ಬೇಕು” ಎಂದರು. ಕಿರಿಯ ಮೊಮ್ಮಗ ಅಜ್ಜಿಯ ಬಟ್ಟಲಿನಿಂದ ಹೂಕೋಸು ಕದ್ದ. ಸೊಸೆ ನೀರು ತರುವ ನೆಪದಲ್ಲಿ ಒಳಗೆ ಹೋದವರು ಸ್ವಲ್ಪ ತಡವಾಗಿ ಹೊರಬಂದರು.

ಅವರ ಮನೆಯಲ್ಲಿ ಈಗ ಬುಧವಾರ ಬಟ್ಟಲೂಟದ ದಿನವೆಂದು ಗೊತ್ತುಮಾಡಿಕೊಂಡಿದ್ದಾರೆ. ಉಳಿದ ದಿನಗಳು ಹಿಂದಿನಂತೆಯೇ ಇವೆಯೆಂದೂ ಬರೆದಿದ್ದಾರೆ. ಇರಲಿ, ವಾರಕ್ಕೊಂದು ದಿನವೆಂದರೆ ವರ್ಷಕ್ಕೆ 52 ಊಟ!

ಕಡೆಯದಾಗಿ, ಉಳಿದ ಅನ್ನವನ್ನೂ ಕೋಳಿಯನ್ನೂ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ನಮ್ಮ ಕರಾವಳಿಯ ಸೆಕೆಯಲ್ಲಿ ಹೊರಗುಳಿದ ಅನ್ನವೂ ಹೊಟ್ಟೆ ಕೆಡಿಸಬಲ್ಲದು. ನಿಮ್ಮ ಮನೆಯಲ್ಲೂ ಮಾಡಿ ನೋಡಿ, ಹೇಗಾಯಿತೆಂದು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ, ಈ ಸಲ ತಪ್ಪಿದ ಉಪ್ಪಿನಕಾಯಿ.