ಪೀಪಿ ಅಲ್ಲ ತಾತ, ಮೆಲೊಫೋನ್!

ಒಂದು ಭಾನುವಾರ ಬೆಳಿಗ್ಗೆ ನಾನೂ ನನ್ನ ಹಳೆಯ ಸ್ನೇಹಿತರೊಬ್ಬರೂ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆವು. ಅಷ್ಟರಲ್ಲಿ ಅಮೆರಿಕದಿಂದ ಮೊಮ್ಮಗಳ ವಿಡಿಯೋ ಕರೆ ಬಂತು. ಹದಿನೇಳು ವರ್ಷದ ಹುಡುಗಿ, ಅಲ್ಲಿನ ಶಾಲೆಯ ಬ್ಯಾಂಡಿನಲ್ಲಿದ್ದಾಳೆ. ಸ್ನೇಹಿತರು, “ಮೊಮ್ಮಗಳು ಏನು ಮಾಡ್ತಾಳೆ ಈಗ?” ಎಂದು ಕೇಳಿದರು. ನಾನು ನಗುತ್ತ, “ಏನಿಲ್ಲ, ಬ್ಯಾಂಡ್‌ಸೆಟ್ಟಿನಲ್ಲಿ ಪೀಪಿ ಊದ್ತಾಳೆ” ಎಂದುಬಿಟ್ಟೆ.

ಫೋನು ನನ್ನ ಕೈಯಲ್ಲೇ ಇತ್ತು. ಅವಳಿಗೆ ಕನ್ನಡ ಚೆನ್ನಾಗಿ ಬರುತ್ತದೆ. “ಸರಿ ತಾತ, ಆಮೇಲೆ ಮಾಡ್ತೀನಿ” ಎಂದು ಇಟ್ಟುಬಿಟ್ಟಳು. ಮುಂದಿನ ಭಾನುವಾರ ಕರೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಕೊನೆಗೆ ಮಗಳು ಹೇಳಿದಳು: “ಅಪ್ಪ, ಅವಳು ಮೂರು ವರ್ಷದಿಂದ ದಿನಾ ಎರಡು ಗಂಟೆ ಅಭ್ಯಾಸ ಮಾಡ್ತಿದ್ದಾಳೆ. ತುಟಿ ಊದಿಕೊಂಡರೂ ಬಿಡಲ್ಲ. ಡ್ರಮ್ ಕೋರ್‌ನ ಆಯ್ಕೆಗೆ ಹೋಗೋಳಿದ್ದಾಳೆ. ನೀವು ನೋಡಿದ್ರೆ ಪೀಪಿ ಅಂದ್ರಿ.”

ನನಗೆ ನಾಚಿಕೆಯಾಯಿತು. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಗುಮಾಸ್ತನಾಗಿದ್ದವನು ನಾನು. ಚೆಕ್ಕಿನ ಮೇಲೆ ಹೆಸರಿನ ಒಂದಕ್ಷರ ತಪ್ಪಿದ್ದರೂ ಹಿಂದಕ್ಕೆ ಕಳಿಸುತ್ತಿದ್ದೆ. ಅಂಥವನು ಮೊಮ್ಮಗಳ ವಾದ್ಯದ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. “ತಪ್ಪಾಯ್ತು ಪುಟ್ಟಿ. ಅದರ ಸರಿಯಾದ ಹೆಸರು ಹೇಳಿಕೊಡು” ಎಂದು ಅವಳಿಗೆ ಬರೆದು ಕಳಿಸಿದೆ. ಅರ್ಧ ಗಂಟೆಯಲ್ಲಿ ಕರೆ ಬಂತು. “ತಾತ, ಅದು ಅಷ್ಟು ಸುಲಭ ಇಲ್ಲ. ಅಲ್ಲೇ ಅವರವರಲ್ಲಿ ಜಗಳ ಇದೆ!” ಎಂದಳು. ಮೂರು ನಾಲ್ಕು ಭಾನುವಾರ ನಡೆದ ಆ ಪಾಠವನ್ನೇ ಈ ವಾರ ನಿಮಗೆ ಒಪ್ಪಿಸುತ್ತಿದ್ದೇನೆ.

ಮೊದಲು ‘ಕೋರ್’ ಎಂಬ ಮಾತು. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯಲ್ಲಿ ಪಿ, ಎಸ್ ಎರಡೂ ಇವೆ. ಹೇಳುವಾಗ ಎರಡೂ ಇಲ್ಲ. ನಿಮ್ಮ ಶಾಲೆಯ ಎನ್‌ಸಿಸಿ ಇದೆಯಲ್ಲ, ನ್ಯಾಷನಲ್ ಕೆಡೆಟ್ ಕೋರ್, ಅದರ ಕೊನೆಯ ‘ಸಿ’ ಈ ‘ಕೋರ್’. ಅಂದರೆ ದಳ. ಡ್ರಮ್ ಅಂಡ್ ಬ್ಯೂಗಲ್ ಕೋರ್ ಎಂದರೆ ನಗಾರಿ ಮತ್ತು ಕಹಳೆಗಳ ದಳ. ಅಮೆರಿಕದಲ್ಲಿ ಇಪ್ಪತ್ತೊಂದು, ಇಪ್ಪತ್ತೆರಡರ ಒಳಗಿನ ಹುಡುಗ ಹುಡುಗಿಯರು ಬೇಸಿಗೆ ರಜೆಯಲ್ಲಿ ಇಂಥ ದಳಗಳನ್ನು ಸೇರುತ್ತಾರೆ. ದೊಡ್ಡ ದಳವೆಂದರೆ ಸುಮಾರು 150 ಮಂದಿ. ಊರಿಂದೂರಿಗೆ ಬಸ್ಸಿನಲ್ಲಿ ಹೋಗುತ್ತಾರೆ, ಯಾವುದೋ ಶಾಲೆಯ ವ್ಯಾಯಾಮಶಾಲೆಯ ನೆಲದ ಮೇಲೆ ಮಲಗುತ್ತಾರೆ, ಸಂಜೆ ಫುಟ್‌ಬಾಲ್ ಮೈದಾನದಲ್ಲಿ ನಡೆಯುತ್ತ, ಓಡುತ್ತ, ಆಕಾರಗಳನ್ನು ಕಟ್ಟುತ್ತ ನುಡಿಸುತ್ತಾರೆ. ಜೊತೆಗೆ ಬಾವುಟ ಬೀಸಿ ಕುಣಿಯುವವರೂ ಇರುತ್ತಾರೆ. ಊದುವ ವಾದ್ಯಗಳಲ್ಲಿ ಅಲ್ಲಿ ಹಿತ್ತಾಳೆ ವಾದ್ಯಗಳಿಗೆ ಮಾತ್ರ ಜಾಗ. ಕೊಳಲು, ಕ್ಲಾರಿನೆಟ್ ಇಲ್ಲ.

“ಹಾಗಾದರೆ ಸ್ಯಾಕ್ಸೊಫೋನ್ ಇರಬೇಕಲ್ಲ? ಅದು ಹಿತ್ತಾಳೆಯದೇ ತಾನೆ?” ಎಂದೆ. ನಮ್ಮ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಮೊದಲು ಕಂಡು ಮನಸೋತ ವಾದ್ಯವದು. ಅವಳು ನಕ್ಕಳು. “ಮೈ ಹಿತ್ತಾಳೆಯದು ತಾತ, ಆದರೆ ಬಾಯಿ ಹತ್ತಿರ ರೀಡ್ ಇದೆ.” ರೀಡ್ ಎಂದರೆ ಜೊಂಡಿನ ಸೀಳು. ಊದಿದಾಗ ಅದು ಅದುರಿ ನಾದ ಹುಟ್ಟುತ್ತದೆ. ನಮ್ಮ ಓಲಗವೂ ಅದೇ ಬಗೆ. ಹಿತ್ತಾಳೆ ವಾದ್ಯದಲ್ಲಿ ರೀಡ್ ಇಲ್ಲ. ನುಡಿಸುವವರ ತುಟಿಯೇ ಅದುರಬೇಕು. ಹಾಗೆ ನೋಡಿದರೆ ನಮ್ಮ ದೇವಸ್ಥಾನದ ಕೊಂಬು, ಕಹಳೆ ಅವಳ ವಾದ್ಯದ ಬಳಗದವು, ಓಲಗ ಬೇರೆ ಬಳಗದ್ದು. ಜಾತ್ರೆಯ ಪೀಪಿಯ ಬಾಯಲ್ಲೂ ಅದುರುವ ಒಂದು ಸೀಳು ಇರುತ್ತದೆ. ಅಂದರೆ ನಾನು ಆಡಿದ್ದು ಬರೀ ಒರಟು ಮಾತಲ್ಲ, ಲೆಕ್ಕದಲ್ಲೂ ತಪ್ಪು!

ಇನ್ನು ಬ್ಯೂಗಲ್. ಯುರೋಪಿನ ಹಳೆಯ ಮಾತಿನಲ್ಲಿ ಈ ಪದಕ್ಕೆ ಕಾಡುಗೂಳಿ ಎಂದರ್ಥ. ಬೇಟೆಗಾರರು ಅದರ ಕೊಂಬನ್ನು ಊದುತ್ತಿದ್ದರು. ಕೊಂಬು ಲೋಹದ್ದಾಯಿತು, ಹೆಸರು ಪ್ರಾಣಿಯದ್ದೇ ಉಳಿಯಿತು. ನಮ್ಮ ಕೊಂಬೂ ಹಾಗೆಯೇ ಅಲ್ಲವೇ? ಈಗ ಅದು ಲೋಹದ್ದಾದರೂ ಕರೆಯುವುದು ‘ಕೊಂಬು’ ಎಂದೇ.

ಸಿಪಾಯಿಯ ಬ್ಯೂಗಲ್‌ಗೆ ಗುಂಡಿಗಳಿಲ್ಲ, ರಂಧ್ರಗಳಿಲ್ಲ. ತುಟಿ ಬಿಗಿದರೆ ಸ್ವರ ಮೇಲೇರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಆದರೆ ಸಿಗುವುದು ಕೆಲವೇ ಸ್ವರ. ಸಂಗೀತ ಕಲಿಯುವ ಮಕ್ಕಳಿಗೆ ಹೀಗೆ ಹೇಳಬಹುದು: ಸೈನ್ಯದ ಕರೆಗಳಲ್ಲಿ ಕೇಳುವುದು ಕೆಳಗಿನ ಪ, ಆಮೇಲೆ ಸ, ಗ, ಪ, ಮೇಲಿನ ಸ. ರಿ, ಮ, ದ, ನಿ ಬೇಕೆಂದರೆ ಇಲ್ಲ. ಮೋಹನ ರಾಗಕ್ಕೆ ಬೇಕಾದ ಐದು ಸ್ವರವೂ ಪೂರ್ತಿ ಸಿಗುವುದಿಲ್ಲ.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಊರಿಗೆ ಮರಳಿದ ಅಮೆರಿಕದ ಯೋಧರು ತಮ್ಮ ಸಂಘಗಳಲ್ಲಿ ಇಂಥ ಬ್ಯೂಗಲ್ ಮತ್ತು ನಗಾರಿಗಳಿಂದ ದಳ ಕಟ್ಟಿದರು. 1919ರಲ್ಲಿ ಹುಟ್ಟಿದ ಅಮೆರಿಕನ್ ಲೀಜನ್ ಅಂಥ ದೊಡ್ಡ ಸಂಘ. ಮುಂದೆ ಅವರ ಊರಿನ ಮಕ್ಕಳಿಗಾಗಿಯೂ ದಳಗಳಾದವು. ಬ್ಯೂಗಲ್‌ಗಳು ‘ಜಿ’ ಶ್ರುತಿಯವು. ನಮ್ಮ ಹಾರ್ಮೋನಿಯಂ ನುಡಿಸುವವರ ಲೆಕ್ಕದಲ್ಲಿ ಐದು ಮನೆ ಶ್ರುತಿ.

ಸ್ಪರ್ಧೆ ಬಂದ ಮೇಲೆ ಐದು ಸ್ವರ ಸಾಲುತ್ತದೆಯೇ? ವಾಲ್ವ್ ಬಂತು. ವಾಲ್ವ್ ಎಂದರೆ ಬೆರಳಲ್ಲಿ ಒತ್ತುವ ಗುಂಡಿ. ಒತ್ತಿದರೆ ಗಾಳಿಗೆ ಇನ್ನೊಂದು ಪುಟ್ಟ ಕೊಳವೆಯ ಸುತ್ತು ಸೇರುತ್ತದೆ. ಕೊಳವೆ ಉದ್ದವಾದಷ್ಟೂ ಸ್ವರ ಇಳಿಯುತ್ತದೆ. ಟ್ರಂಪೆಟ್ಟಿನಲ್ಲಿ ಇಂಥ ಮೂರು ಗುಂಡಿ: ನಡುವಿನದು ಅರ್ಧ ಸ್ವರ, ಮೊದಲನೆಯದು ಒಂದು, ಮೂರನೆಯದು ಒಂದೂವರೆ ಸ್ವರ ಇಳಿಸುತ್ತದೆ. ಮೂರನ್ನೂ ಬೇರೆಬೇರೆಯಾಗಿ, ಜೊತೆಜೊತೆಯಾಗಿ ಒತ್ತಿದರೆ ಎಲ್ಲ ಸ್ವರಗಳೂ ಸಿಗುತ್ತವೆ.

ಆದರೆ ಬ್ಯೂಗಲ್‌ಗೆ ಮೂರು ಗುಂಡಿ ಒಮ್ಮೆಗೇ ಬರಲಿಲ್ಲ. ಮೊದಲು ಒಂದೇ ಒಂದು. ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಊರಿನಲ್ಲಿ ತನ್ನ ಮೊದಲ ಚಾಂಪಿಯನ್‌ಷಿಪ್ ನಡೆಸಿತು. ಆ ದಶಕದಲ್ಲೇ ನೇರವಾಗಿ ನಿಂತ ಎರಡು ಗುಂಡಿಗಳಿಗೆ ಒಪ್ಪಿಗೆ ಸಿಕ್ಕಿತು. 1990ರಲ್ಲಿ ಮೂರಕ್ಕೆ. 2000ದಲ್ಲಿ ‘ಜಿ’ ಶ್ರುತಿಯೇ ಆಗಬೇಕೆಂಬ ನಿಯಮವೂ ಹೋಯಿತು. ಶಾಲೆಯ ಬ್ಯಾಂಡಿನ ಟ್ರಂಪೆಟ್ಟೇ ಮೈದಾನಕ್ಕೂ ಬಂತು. 2014ರಲ್ಲಿ, ಗುಂಡಿಯ ಬದಲು ಕೊಳವೆಯನ್ನೇ ಹಿಂದೆ ಮುಂದೆ ಜಾರಿಸಿ ನುಡಿಸುವ ಟ್ರಾಂಬೋನಿಗೂ ಬಾಗಿಲು ತೆರೆಯಿತು.

ಈಗ ಜಗಳ ಎಲ್ಲಿದೆ ನೋಡಿ. ಹಳೆಯ ದಳಗಳಲ್ಲಿ ಎಲ್ಲ ವಾದ್ಯವೂ ಬ್ಯೂಗಲ್ಲೇ. ತಾರ ಸ್ವರ ನುಡಿಸುವುದು ಸೊಪ್ರಾನೊ ಬ್ಯೂಗಲ್, ಅದರ ಕೆಳಗಿನದು ಮೆಲೊಫೋನ್ ಬ್ಯೂಗಲ್, ಆಮೇಲೆ ಬ್ಯಾರಿಟೋನ್, ಯುಫೋನಿಯಂ, ಎಲ್ಲಕ್ಕಿಂತ ಕೆಳಗಿನ ಮಂದ್ರಕ್ಕೆ ಕಾಂಟ್ರಾಬಾಸ್ ಬ್ಯೂಗಲ್. ಈ ಕೊನೆಯದನ್ನು ಹೆಗಲ ಮೇಲೆ ಹೊತ್ತು, ಬಾಯನ್ನು ಜನರ ಕಡೆ ತಿರುಗಿಸಿ ನುಡಿಸುತ್ತಾರೆ. ಕೂತು ನುಡಿಸುವ ಕಛೇರಿಯಲ್ಲಿ ಅದರ ಸಾಟಿ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡರೆ ಅದು ಟ್ಯೂಬಾ. ಶ್ರುತಿಯ ನಿಯಮ ಹೋದ ಮೇಲೆ ಸೊಪ್ರಾನೊ ಜಾಗಕ್ಕೆ ಟ್ರಂಪೆಟ್, ಕಾಂಟ್ರಾಬಾಸ್ ಜಾಗಕ್ಕೆ ಟ್ಯೂಬಾ ಬಂದವು. ಆದರೂ ಹಳಬರ ಬಾಯಲ್ಲಿ ‘ಸೊಪ್ರಾನೊ’ ಹೋಗಿಲ್ಲ. ‘ಕಾಂಟ್ರಾ’ ಎಂಬುದನ್ನಂತೂ ಹೊಸಬರೂ ಹೇಳುತ್ತಾರೆ. ನನ್ನ ಮೊಮ್ಮಗಳು ಶಾಲೆಯಲ್ಲಿ ಟ್ಯೂಬಾ ಎನ್ನುವುದನ್ನೇ ಆಯ್ಕೆಯ ಶಿಬಿರದಲ್ಲಿ ಕಾಂಟ್ರಾ ಎನ್ನಬೇಕಾಯಿತಂತೆ.

ಕೆಲವು ಹಳಬರಿಗೆ ಸಿಟ್ಟು: ಜಿ ಶ್ರುತಿಯ ಬ್ಯೂಗಲ್‌ನ ಆ ಗಡಸು ನಾದವೇ ಹೋಯಿತು, ಇನ್ನು ಹೆಸರಿನಲ್ಲಿ ಬ್ಯೂಗಲ್ ಯಾಕೆ ಎಂದು. ಅಮೆರಿಕದ ನೌಕಾಸೈನಿಕರಾದ ಮರೀನರ ದಳವಂತೂ, ಉಳಿದವರೆಲ್ಲ ಬಿಟ್ಟ ಮೇಲೂ ಎಷ್ಟೋ ವರ್ಷ ಎರಡು ಗುಂಡಿಯ ಜಿ ಬ್ಯೂಗಲ್‌ಗಳನ್ನೇ ಉಳಿಸಿಕೊಂಡಿತು.

“ಹಾಗಾದರೆ ಒಟ್ಟಿಗೆ ಏನನ್ನಬೇಕು ಪುಟ್ಟಿ?” ಎಂದೆ.

“ಹಾರ್ನ್ ಅನ್ನಿ ತಾತ. ಊದೋರ ಸಾಲು ಹಾರ್ನ್‌ಲೈನ್. ವಾದ್ಯ ಎತ್ತೋದಕ್ಕೆ ‘ಹಾರ್ನ್ಸ್ ಅಪ್’ ಅಂತ ಅಪ್ಪಣೆ.”

ನನಗೆ ಹಾರ್ನ್ ಎಂದರೆ ಬಸ್ಸಿನ ಹಾರ್ನೇ ನೆನಪು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರಿಗೆ ಹಾರ್ನ್ ಎಂದರೆ ಫ್ರೆಂಚ್ ಹಾರ್ನ್ ಎಂಬ ಒಂದೇ ವಾದ್ಯ. ಅದರ ಬಾಯಿ ಹಿಂದಕ್ಕೆ ತಿರುಗಿರುತ್ತದೆ, ನುಡಿಸುವವರ ಕೈ ಅದರೊಳಗಿರುತ್ತದೆ. ಮೈದಾನದಲ್ಲಿ ನಾದ ಹಿಂದಕ್ಕೆ ಹೋದರೆ ಎದುರು ಕೂತವರಿಗೆ ಕೇಳುವುದು ಹೇಗೆ? ಅದಕ್ಕೇ ಬಾಯಿ ಮುಂದಕ್ಕಿರುವ ಮೆಲೊಫೋನ್. ನೋಡಲು ಅಗಲ ಬಾಯಿಯ ದೊಡ್ಡ ಟ್ರಂಪೆಟ್ಟಿನಂತೆ. ನನ್ನ ಮೊಮ್ಮಗಳದು ಅದೇ.

ಈ ಹೆಸರಿನ ಗೋಜಲು ನನಗೆ ಬಗೆಹರಿದದ್ದು ಅಡಿಗೆಮನೆಯಲ್ಲಿ. ‘ಎಣ್ಣೆ’ ಎಂಬ ಮಾತಿನೊಳಗೆ ಎಳ್ಳು ಇದೆ. ಎಳ್ಳಿನ ನೆಯ್ ಎಣ್ಣೆಯಾಯಿತು ಎಂದು ಭಾಷೆ ಬಲ್ಲವರು ಹೇಳುತ್ತಾರೆ. ಆಮೇಲೆ ಕಡಲೆಕಾಯಿ ಎಣ್ಣೆ ಬಂತು, ತೆಂಗಿನೆಣ್ಣೆ ಬಂತು, ಎಳ್ಳಿನ ಸೋಂಕೇ ಇಲ್ಲದ ಸೀಮೆಎಣ್ಣೆಯೂ ಬಂತು. ಈಗ ಎಳ್ಳಿನದನ್ನೇ ಬಿಡಿಸಿ ‘ಎಳ್ಳೆಣ್ಣೆ’ ಎನ್ನಬೇಕು! ಯಾರೂ ಜಗಳವಾಡುವುದಿಲ್ಲ. ಬ್ಯೂಗಲ್ ಎಂಬ ಹೆಸರೂ ಹಾಗೇ ಹಿಗ್ಗಿತು. ದಳದ ಹೆಸರಿನಲ್ಲಿ ಅದು ಇರಲಿ, ಅದು ಆ ಮನೆತನದ ಹೆಸರು. ಆದರೆ ಕೈಯಲ್ಲಿರುವ ವಾದ್ಯಕ್ಕೆ ಅದರದೇ ಹೆಸರು: ಟ್ರಂಪೆಟ್, ಮೆಲೊಫೋನ್, ಬ್ಯಾರಿಟೋನ್. ಟ್ಯೂಬಾವೋ ಕಾಂಟ್ರಾವೋ ತಿಳಿಯದಿದ್ದರೆ, ಹೊತ್ತವರನ್ನೇ ಕೇಳುವುದು. ಅದರ ಭಾರ ಗೊತ್ತಿರುವುದು ಅವರಿಗೆ ತಾನೆ?

ಕೊನೆಯ ಪಾಠದ ದಿನ ಅವಳು ಇನ್ನೊಂದು ಮಾತು ಹೇಳಿದಳು. “ತಾತ, ನನಗೆ ಬೇಜಾರಾಗಿದ್ದು ‘ಪೀಪಿ’ಗಿಂತ ‘ಏನಿಲ್ಲ’ ಅಂದಿದ್ದಕ್ಕೆ.” ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮೊನ್ನೆ ಅದೇ ಸ್ನೇಹಿತರು ಬಂದಿದ್ದರು. ಮೊಮ್ಮಗಳೂ ಕರೆಯಲ್ಲಿದ್ದಳು. ನಾನೇ ಮಾತು ತೆಗೆದು, “ನನ್ನ ಮೊಮ್ಮಗಳು ಮೆಲೊಫೋನ್ ನುಡಿಸ್ತಾಳೆ” ಎಂದೆ. ‘ಊದ್ತಾಳೆ’ ಎನ್ನಲಿಲ್ಲ. ವಾದ್ಯದಿಂದ ಮಾತಾಡಿಸುವುದಕ್ಕೆ ನಮ್ಮ ಕನ್ನಡದಲ್ಲಿ ‘ನುಡಿಸು’ ಎಂಬ ಎಷ್ಟು ಚೆಂದದ ಪದವಿದೆ! “ಮೆಲೊಫೋನ್ ಅಂದ್ರೆ?” ಎಂದರು ಸ್ನೇಹಿತರು. ಕಾಡುಗೂಳಿಯಿಂದ ಶುರು ಮಾಡಿ ಟ್ರಾಂಬೋನಿಗೆ ಬರುವಷ್ಟರಲ್ಲಿ ಅವರ ಕಾಫಿ ಆರಿಹೋಗಿತ್ತು. ಫೋನಿನಲ್ಲಿ ಅವಳು ನಗುತ್ತಿದ್ದಳು. ಈ ವರ್ಷ ಅವಳ ಆಯ್ಕೆಯಾಗಲಿಲ್ಲ. ಮುಂದಿನ ವರ್ಷ ಮತ್ತೆ ಬಾ ಎಂದಿದ್ದಾರೆ, ಹೋಗುತ್ತಾಳಂತೆ.

ಮಕ್ಕಳೇ, ತುಟಿ ಮುಚ್ಚಿ, ನಡುವೆ ಸಣ್ಣ ಸಂದಿನಿಂದ ಗಾಳಿ ಬಿಟ್ಟು ‘ಬ್‌ರ್‌ರ್’ ಎಂದು ಅದುರಿಸಿ ನೋಡಿ. ಕಹಳೆಯಿಂದ ಮೆಲೊಫೋನಿನವರೆಗೆ ಎಲ್ಲದರ ಮೊದಲ ಪಾಠ ಅದೇ. ಎದುರಿಗೆ ತಾತ ಪೇಪರ್ ಓದುತ್ತ ಕೂತಿದ್ದರೆ ಮಾತ್ರ ಸ್ವಲ್ಪ ದೂರ ನಿಂತು ಮಾಡಿ.